ಎದುರಿಗಿಟ್ಟುಕೊಂಡು ಗೆಲ್ಲುವ ಹಟ ಬೇಡ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಮಗ ಪರೀಕ್ಷೆಗೆ ಓದುವಾಗ ಫೋನನ್ನು ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡು 'ಟೆಂಪ್ಟೇಶನ್ ಗೆದ್ದು ತೋರಿಸ್ತೀನಿ' ಅಂತಾನೆ, ಸುಮ್ನೆ ಬಿಡೋಣವಾ ಬೈಯೋಣವಾ ಅಂತ ಕೇಳಿದ್ದೀಯ. ಬೈಯಬೇಡ. ಆದರೆ ಎದುರಿಗಿಟ್ಟುಕೊಂಡು ಗೆಲ್ಲುವ ಹಟ ಬೇಡ ಅನ್ನು. ನಿನ್ನ ಚಿಕ್ಕ ಮಾವನ ಸಿಗರೇಟಿನ ಕಥೆ ಗೊತ್ತಲ್ವಾ, ಇದೂ ಅದೇ.

ಅವನು ಬಿಟ್ಟಿದ್ದು ನಿಜ. ಆದರೆ ಒಂದು ಪ್ಯಾಕನ್ನು ಒಡೆಯದೆ ಬೀರುವಿನಲ್ಲಿ ಸ್ವೆಟರ್ ಅಡಿ ಇಟ್ಟಿದ್ದ. 'ಅಕ್ಕಾ, ಮನೆಯಲ್ಲೇ ಇದ್ದರೂ ಮುಟ್ಟಲ್ಲ ನೋಡು' ಅಂತ ಜಂಭ ಬೇರೆ. ಮೊದಮೊದಲು ಸಂಜೆ ಬೀರು ತೆಗೆದು ಪ್ಯಾಕು ಇದೆಯಾ ಅಂತ ನೋಡುತ್ತಿದ್ದ, ಆಮೇಲೆ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ, ಆಮೇಲೆ ಮೇಲಿನ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ಇದು ಬಿಟ್ಟವನ ಲಕ್ಷಣವಾ? ಆಫೀಸಿನಲ್ಲಿ ಯಾರೋ ಏನೋ ಅಂದ ದಿನ ಆ ಹಾಳೆ ಕಿತ್ತುಬಂತು. ಆಸೆ ಎಲ್ಲರಿಗೂ ಇರುತ್ತದೆ, ಅದು ತಪ್ಪಲ್ಲ. ಬೇಡ ಅಂತ ತಾನೇ ತೀರ್ಮಾನ ಮಾಡಿದ ಮೇಲೂ ಕೈ ಅತ್ತಲೇ ಹೋಗುತ್ತದಲ್ಲ, ಆ ಚಪಲಕ್ಕೆ ನಮಗಿಂತ ತಾಳ್ಮೆ ಜಾಸ್ತಿ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಎದುರಿಗಿಟ್ಟುಕೊಂಡು ಗೆಲ್ಲುವ ಹಟ ಬೇಡವೇ ಬೇಡ.

ಉಳಿದಿದ್ದನ್ನು ನಾನು ಕಸಕ್ಕೆ ಹಾಕಿದೆ. ಅದಕ್ಕೆ ಅವನು ಮಾತು ಬಿಟ್ಟ. ನಿಮ್ಮಮ್ಮನೂ ಸೇರಿ ಎಲ್ಲರೂ 'ಅಕ್ಕನಿಗೆ ಯಾಕೆ ಬೇಕಿತ್ತು' ಅಂದರು. ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಓಡಾಡುವಾಗ ಮಾತ್ರ ಅಕ್ಕ ಬೇಕಾದಳು. ಈ ಗ್ರೂಪಿನಲ್ಲೂ ಅಷ್ಟೇ, ನಾನು ಏನು ಹಾಕಿದರೂ ಒಂದು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತೀರ. ಇರಲಿ ಬಿಡು.

ಅಯ್ಯೋ, ಹೇಳಬೇಕಾಗಿದ್ದನ್ನೇ ಮರೆತೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಪುಟ್ಟ ಮಕ್ಕಳಿಗೆ ತಿಂಡಿ ತೋರಿಸಿ, ಸ್ವಲ್ಪ ಕಾದರೆ ಇನ್ನೂ ಒಳ್ಳೆಯದು ಸಿಗುತ್ತದೆ ಅಂತ ಹೇಳಿ ನೋಡಿದರು. ತಿಂಡಿ ಕಣ್ಣಿಗೆ ಕಾಣದ ಹಾಗೆ ಇಟ್ಟಾಗ ಮಕ್ಕಳು ಜಾಸ್ತಿ ಹೊತ್ತು ಕಾದರು. ಎದುರಿಗೇ ಇದ್ದಾಗ ಕಣ್ಣು ಮುಚ್ಚಿಕೊಂಡೋ ಹಾಡಿಕೊಂಡೋ ಮನಸ್ಸನ್ನು ಬೇರೆ ಕಡೆ ತಿರುಗಿಸಿದ ಮಕ್ಕಳೂ ಇದ್ದರು. ಆದ್ದರಿಂದ ಓದುವ ಹೊತ್ತಿಗೆ ಫೋನು ನಿನ್ನ ರೂಮಿನಲ್ಲಿರಲಿ. ಸ್ವಿಚ್ ಆಫ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು. ನೀನಾಗಿ ಕಿತ್ತುಕೊಳ್ಳಬೇಡ, ಅವನೇ ತಂದಿಡಲಿ, ಎಷ್ಟು ಹೊತ್ತಿಗೆ ವಾಪಸ್ ಅಂತಲೂ ಅವನೇ ಹೇಳಲಿ. ಟೈಮ್ ನೋಡೋಕೆ ಬೇಕು ಅಂತ ನೆಪ ಹೇಳಿದರೆ ನನ್ನ ಹತ್ತಿರ ಹಳೇ ಅಲಾರಂ ಗಡಿಯಾರ ಇದೆ, ಕಳಿಸುತ್ತೇನೆ.