ಅಪ್‌ಡೇಟ್: ಹಳೆ ಫ್ರಿಡ್ಜ್‌ನ ಕ್ಯೂರಿಂಗ್ ಪೆಟ್ಟಿಗೆ, ತಪ್ಪು ಮೀಟರ್‌ದು (ಮತ್ತೆ ನನ್ನದು)

ಎರಡು ತಿಂಗಳ ಹಿಂದೆ ಕೇಳಿದ್ದೆ ನೋಡಿ, ಹಳೆ ಫ್ರಿಡ್ಜನ್ನು ಕ್ಯೂರಿಂಗ್ ಪೆಟ್ಟಿಗೆ, ಅಂದರೆ ಉಪ್ಪು ಹಾಕಿದ ಮಾಂಸ ನಿಧಾನ ಒಣಗಿಸಿ, ಚೀಸನ್ನೂ ಹದ ಮಾಡುವ ಪೆಟ್ಟಿಗೆ ಮಾಡಿಕೊಂಡಿದ್ದೇನೆ, ಆದರೆ ಮಾಂಸ ಹೊರಗೆ ಚಕ್ಕಳದ ಹಾಗೆ ಗಟ್ಟಿ, ಒಳಗೆ ಮೆತ್ತಗೆ, ಯಾಕೆ ಅಂತ. ಕಾರಣ ಸಿಕ್ಕಿತು.

ಪೆಟ್ಟಿಗೆಯೊಳಗಿನ ಗಾಳಿಯ ತೇವ ಅಳೆಯೋ ಮೀಟರ್ 78% ತೋರಿಸುತ್ತಿತ್ತು, ನಾನು ಸುಮ್ನೆ ನಂಬಿದ್ದೆ. ನಿಮ್ಮಲ್ಲೊಬ್ಬರು ಹೇಳಿದ ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಇಟ್ಟು, ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಸುಮಾರು 75 ತೋರಿಸಬೇಕು, ನನ್ನದು 86 ತೋರಿಸಿತು! ಅಂದರೆ 11 ಜಾಸ್ತಿ, ಪೆಟ್ಟಿಗೆಯೊಳಗೆ ನಿಜಕ್ಕೂ ಇದ್ದದ್ದು ಬರೀ 67ರ ಆಸುಪಾಸು. ಸಾಲದ್ದಕ್ಕೆ ಫ್ಯಾನ್ ದಿನವಿಡೀ ನೇರ ಮಾಂಸದ ಮೇಲೇ ಬೀಸುತ್ತಿತ್ತು. ಹೊರಪದರ ಬೇಗ ಒಣಗಿ ಬಿಗಿದುಕೊಂಡರೆ ಒಳಗಿನ ನೀರು ಹೊರಗೆ ಬರೋದಾದರೂ ಹೇಗೆ, ಅಲ್ವಾ?

ಈಗ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಟೈಮರ್ ಹಾಕಿದ್ದೇನೆ, ಗಂಟೆಗೆ 5 ನಿಮಿಷ ಅಷ್ಟೆ. ಉಷ್ಣಾಂಶ 12 ಡಿಗ್ರಿ, ತೇವ ಹೊಸ ಮೀಟರ್‌ನಲ್ಲಿ 78.

ಗಟ್ಟಿಯಾದ ತುಂಡನ್ನು ಎಸೆಯಲಿಲ್ಲ. ಕ್ಯೂರಿಂಗ್ ಉಪ್ಪನ್ನು (ಮಾಂಸ ಕೆಡದಂತೆ ಹಾಕುವ, ನೈಟ್ರೈಟ್ ಬೆರೆಸಿದ ಉಪ್ಪು) ತೂಕ ಮಾಡಿಯೇ ಹಾಕಿದ್ದೆ, ಕೆಟ್ಟ ವಾಸನೆಯೂ ಇರಲಿಲ್ಲ. ವ್ಯಾಕ್ಯೂಮ್ ಕವರ್‌ನಲ್ಲಿ ಮೂರು ವಾರ ಮಾಮೂಲಿ ಫ್ರಿಡ್ಜ್‌ನಲ್ಲಿಟ್ಟೆ, ಒಳಗಿನ ತೇವ ಹೊರಕ್ಕೆ ಹರಡಿ ಅಂಚು ಸಾಕಷ್ಟು ಮೆತ್ತಗಾಯಿತು. ಮತ್ತೆ ತೂಗುಹಾಕಿ, ಶುರುವಿನ ತೂಕದಲ್ಲಿ 35% ಇಳಿದ ಮೇಲೆ ಕೊಯ್ದೆ. ಅಂಚು ಇನ್ನೂ ಸ್ವಲ್ಪ ಜಗಿಯಬೇಕು, ಪರವಾಗಿಲ್ಲ.

ಚೀಸ್‌ಗೆ ತೇವ ಇನ್ನೂ ಜಾಸ್ತಿ ಬೇಕು, 85ರ ಮೇಲೆ. ಅದಕ್ಕೇ ಅದು ಅದೇ ಪೆಟ್ಟಿಗೆಯಲ್ಲಿ ಮುಚ್ಚಳದ ಡಬ್ಬಿಯೊಳಗೆ ಕೂತಿದೆ. ನೀಲಿ ಚೀಸ್ ಮಾತ್ರ ಬೇಡವೇ ಬೇಡ, ಅದರಲ್ಲಿನ ನೀಲಿ ಬೂಸ್ಟು ಮಾಂಸಕ್ಕೂ ಹತ್ತಿಕೊಳ್ಳುತ್ತದೆ.