‘ವಿಕೇಂದ್ರೀಕರಣ’: ಪದ ಒಂದು, ಅರ್ಥ ಮೂರು. ಬೇರೆ ಪದಗಳಿವೆಯೇ?

ಬಲ್ಲವರಲ್ಲಿ ಒಂದು ಕೇಳಿಕೆ. ಉಡುಪಿ ಕಡೆಯ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ‘ವಿಕೇಂದ್ರೀಕರಣ’ ಎಂಬ ಪದ ಎರಡನೇ ಪುಟದಲ್ಲೇ ಕಾಲಿಗೆ ತೊಡರಿಕೊಂಡಿದೆ.

ನಮ್ಮೂರಿನ ತೋಡಿಗೆ ಇದ್ದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಹೋದ ಮಳೆಗಾಲದಲ್ಲಿ ಕೊಚ್ಚಿಹೋಯಿತು. ಈಗ ಇರುವುದು ಊರವರೇ ಅಡ್ಡ ಹಾಕಿದ ಎರಡು ಅಡಿಕೆ ಮರ. ಗ್ರಾಮಸಭೆಯಲ್ಲಿ ವಿಕೇಂದ್ರೀಕರಣದ ಭಾಷಣ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಸಂಕದ ಮಾತೆತ್ತಿದರು. ‘ಅದು ಮೇಲಿನಿಂದ ಮಂಜೂರಾಗಬೇಕು’ ಎಂಬ ಉತ್ತರ ಬಂತು. ‘ಹಾಗಾದರೆ ಇಷ್ಟು ಹೊತ್ತು ಹೇಳಿದ್ದು ಯಾವುದರ ಬಗ್ಗೆ ಮಾರಾಯರೇ?’ ಎಂದು ಕೇಳಿ ಅವರು ಕುಳಿತುಬಿಟ್ಟರು.

ತಪ್ಪು ಪದದ್ದೂ ಹೌದು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾದಾಗ ಮಂಗಳೂರಿಗೆ ಬಸ್ ಹಿಡಿಯುವುದು ತಪ್ಪಿತು. ಕಚೇರಿ ಹತ್ತಿರಕ್ಕೆ ಬಂತು, ಆದರೆ ಅಧಿಕಾರಿಗಳು ಉತ್ತರ ಹೇಳಬೇಕಾದದ್ದು ಬೆಂಗಳೂರಿಗೇ. ಅದನ್ನೂ ವಿಕೇಂದ್ರೀಕರಣ ಎನ್ನುತ್ತೇವೆ. ಸರಕಾರ ತನ್ನ ಕೆಲಸವನ್ನು ಪಂಚಾಯತಿಗೆ ವಹಿಸಿ, ಬೇಡವೆನಿಸಿದಾಗ ಒಂದು ಆದೇಶದಲ್ಲಿ ಹಿಂದಕ್ಕೆ ಪಡೆದರೆ ಅದಕ್ಕೂ ಅದೇ ಪದ. (ಕಡತಗಳಲ್ಲಿ ಇದಕ್ಕೆ ‘ಪ್ರತ್ಯಾಯೋಜನೆ’ ಎಂಬುದಿದೆ. ಗ್ರಾಮಸಭೆಯಲ್ಲಿ ಅದನ್ನು ಉಚ್ಚರಿಸುವ ಧೈರ್ಯ ನನಗಿಲ್ಲ.) ಕೆಲಸ, ಸಿಬ್ಬಂದಿ, ಹಣ ಮೂರೂ ಕಾನೂನಿನ ಬಲದಿಂದ ಪಂಚಾಯತಿಯದೇ ಆಗಿ, ಅದು ಊರವರಿಗೆ ಲೆಕ್ಕ ಒಪ್ಪಿಸುವುದು ಮೂರನೆಯದು. ಒಳ್ಳೆಯ ಆಡಳಿತದ ಮಾತು ಬಂದಾಗಲೆಲ್ಲ ನಾವು ಹೊಗಳುವುದು ಈ ಮೂರನೆಯದನ್ನು, ಸಿಗುವುದು ಹೆಚ್ಚಾಗಿ ಮೊದಲಿನೆರಡು.

ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆ, ಕಡವುಗಳೆಲ್ಲ ಇವೆ. ನಮ್ಮ ಕಾಲುಸಂಕವೂ ಅದರೊಳಗೆ ಬಂದಂತಾಯಿತು. ಆದರೆ 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಹೇಳುವುದು, ರಾಜ್ಯ ಶಾಸನಸಭೆ ಪಂಚಾಯತಿಗೆ ಈ ಅಧಿಕಾರಗಳನ್ನು ಕಾನೂನಿನ ಮೂಲಕ ‘ನೀಡಬಹುದು’ ಎಂದು. ನಮ್ಮ ‘ಬಹುದು’ ಅನುಮತಿಯೂ ಹೌದು, ಅನುಮಾನವೂ ಹೌದು!

ಹಿಂದಕ್ಕೆ ಪಡೆಯಬಹುದಾದದ್ದಕ್ಕೂ ಪಡೆಯಲಾಗದ್ದಕ್ಕೂ ಇರುವ ವ್ಯತ್ಯಾಸ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಗೇಣಿಗೆ ಕೊಟ್ಟ ಭೂಮಿಯಿಂದ ಚಾಲಗೇಣಿಯ ಒಕ್ಕಲನ್ನು ಧಣಿ ಎಬ್ಬಿಸಬಹುದಿತ್ತು. ಮೂಲಗೇಣಿಯವನನ್ನು ಸುಮ್ಮನೆ ಎಬ್ಬಿಸುವಂತಿರಲಿಲ್ಲ, ಗೇಣಿ ಏರಿಸುವಂತೆಯೂ ಇರಲಿಲ್ಲ. ಭೂಮಿಗೆ ಎರಡು ಪದ ಇದ್ದವು, ಅಧಿಕಾರಕ್ಕೆ ಒಂದೇ. ಮೂಲಗೇಣಿಯಲ್ಲೂ ಮೇಲೊಬ್ಬ ಧಣಿ ಇದ್ದನಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಪಂಚಾಯತಿಯ ಮೇಲೂ ಶಾಸನಸಭೆ ಇದೆಯಷ್ಟೇ.

ಮೊದಲನೆಯದಕ್ಕೆ ‘ಕಚೇರಿ ವಿಸ್ತರಣೆ’, ಎರಡನೆಯದಕ್ಕೆ ‘ಕೆಲಸ ವಹಿಸುವಿಕೆ’ ಎಂದು ಬರೆದುಕೊಂಡಿದ್ದೇನೆ, ಇವು ನಡೆದಾವು. ಮೂರನೆಯದಕ್ಕೇ ತೊಡಕು. ‘ಅಧಿಕಾರ ಹಂಚಿಕೆ’ ಎಂದರೆ ಪಂಕ್ತಿಯಲ್ಲಿ ಬಡಿಸಿದ ಹಾಗೆ, ಸೌಟು ಬಡಿಸುವವನ ಕೈಯಲ್ಲೇ ಉಳಿಯುತ್ತದೆ. ‘ಹಸ್ತಾಂತರ’ ಎಂದರೆ ಹೊಸ ಅಧ್ಯಕ್ಷರಿಗೆ ಹಾರ ಹಾಕಿದ ಸುದ್ದಿ. ‘ಬಿಟ್ಟುಕೊಡುವಿಕೆ’ ಎಂದಾಗ ಯಾರೋ ಸೋತು ಕೊಟ್ಟ ಧ್ವನಿ.

ಮನೆಯ ಹಿರಿಯರು ಯಜಮಾನಿಕೆಯನ್ನು ಕಿರಿಯರಿಗೆ ಕೊಟ್ಟು, ಮತ್ತೆ ಬೀಗದ ಕೈ ಕೇಳದೆ ಇರುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ತುಳುವಿನ ಅಥವಾ ಕುಂದಾಪುರದ ಕನ್ನಡದ ಪದವಾದರೂ ಆದೀತು. ಹೊತ್ತಗೆ ಮಳೆಗಾಲಕ್ಕೆ ಮೊದಲು ಅಚ್ಚಿಗೆ ಹೋಗಬೇಕು.