ಪುಣೆ ಹತ್ತಿರ ವೈನ್ ದ್ರಾಕ್ಷಿ: ಎರೆ ಮಣ್ಣೋ, ಗರಸೋ?

ಪುಣೆ ಕನ್ನಡತಿ: ನಾರಾಯಣಗಾಂವ್ ಹತ್ತಿರ ಮನೆಯವರೇ ಸೇರಿ ಸಣ್ಣ ವೈನ್ ದ್ರಾಕ್ಷಿ ತೋಟ ಮಾಡಬೇಕೆಂದಿದ್ದೇವೆ. ಕೆಳಗೆ ಎರೆ ಮಣ್ಣು, ಮೇಲಿನ ಇಳಿಜಾರಿನಲ್ಲಿ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು). ಎಲ್ಲಿ ಹಾಕೋಣ?

ವಿಜಯಪುರದವ: ಇಳಿಜಾರಿನಲ್ಲೇ ಹಾಕಿ ಅಕ್ಕಾ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಳ್ಳಿ ಬರೀ ಸೊಪ್ಪಾಗಿ ಬೆಳೆದು ಹಣ್ಣಿನ ರುಚಿ ತೆಳುವಾಗುತ್ತದೆ, ವೈನಿಗೆ ಬೇಕಾದ್ದು ಸಣ್ಣ, ಗಟ್ಟಿ ರುಚಿಯ ಹಣ್ಣು ಅಲ್ವಾ. ಗರಸಿನಲ್ಲಿ ನೀರು ಬಸಿದು ಹೋಗುತ್ತದೆ. ಡ್ರಿಪ್ ಮಾತ್ರ ಬೇಕೇ ಬೇಕು.

ಬಳ್ಳಿಪ್ರೇಮಿ: ನಿಜ. ಆದರೆ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಸುಣ್ಣ ಜಾಸ್ತಿಯಿದ್ದರೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಉಪ್ಪಿದ್ದರೆ ಡಾಗ್‌ರಿಡ್ಜ್ ಎಂಬ, ಉಪ್ಪು ತಡೆಯುವ ದ್ರಾಕ್ಷಿ ತಳಿಯ ಬೇರಿಗೆ ಕಸಿ ಕಟ್ಟಿದ ಸಸಿ ನೋಡಿ. ಮಾಂಜ್ರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರವೇ ಇದೆ, ಹೋಗಿ ಕೇಳಿ.

ಪುಣೆ ಕನ್ನಡತಿ: ತುಂಬಾ ಉಪಕಾರವಾಯಿತು. ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಯಾವಾಗ?

ವಿಜಯಪುರದವ: ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲು.